ಕಿವಿಗೊಟ್ಟು ಕೂರುವ 79 ನಿಮಿಷ

ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೂತಲ್ಲೇ ಕೂತು ಕೇಳುವ ಸುಖ ನನಗೆ ಬಲು ಪ್ರಿಯ. ಅದಕ್ಕೆಂದೇ ಮತ್ತೆ ಮತ್ತೆ ಹಾಕಿಕೊಳ್ಳುವುದು ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ ‘ಟು ಪಿಂಪ್ ಎ ಬಟರ್‌ಫ್ಲೈ’. 2015ರ ಮಾರ್ಚ್‌ನಲ್ಲಿ ಬಂದದ್ದು. ಹೆಸರಿಗೆ ಹಿಪ್ ಹಾಪ್. ಒಳಹೊಕ್ಕರೆ ಎಲ್ಲಿ ಜಾಝ್ ಮುಗಿಯಿತು, ಎಲ್ಲಿ ಫಂಕ್ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ನನ್ನ ಕಿವಿ ಮೊದಲು ಹುಡುಕುವುದು ಥಂಡರ್‌ಕ್ಯಾಟ್ ಅವರ ಬಾಸ್ ಗಿಟಾರನ್ನು. ಮೊದಲ ಹಾಡಿನಲ್ಲೇ ಅದು ಪುಟಿಯುತ್ತದೆ. ಫಂಕ್‌ನ ಹಿರಿಯ ಜಾರ್ಜ್ ಕ್ಲಿಂಟನ್ ದನಿಗೂಡಿಸುತ್ತಾರೆ. ಅದರ ಬೆನ್ನಿಗೇ ‘ಫಾರ್ ಫ್ರೀ?’ ಎಂಬ ಎರಡು ನಿಮಿಷದ ತುಣುಕು. ರಾಬರ್ಟ್ ಗ್ಲಾಸ್ಪರ್ ಅವರ ಪಿಯಾನೊ, ಓಡುವ ಡ್ರಮ್, ಅದರ ಮೇಲೆ ಲಮಾರ್ ಅವರ ಮಾತು. ಸಾಲು ಮುಗಿಯಬೇಕಾದ ಕಡೆ ಮುಗಿಯದು, ತಾಳ ದಾಟಿ ಮುಂದಕ್ಕೆ ನುಗ್ಗುತ್ತದೆ. ತನಿ ಆವರ್ತನದಲ್ಲಿ ಮೃದಂಗ ಸಮಕ್ಕೆ ಬಂದು ಕೂರುವುದನ್ನು ಉಸಿರು ಬಿಗಿಹಿಡಿದು ಕಾಯುತ್ತೇವಲ್ಲ, ಇಲ್ಲೂ ಹಾಗೆಯೇ ಕಾಯುತ್ತೇನೆ.

ಹಾಡುಗಳ ನಡುವೆ ಒಂದು ಕವಿತೆ ಬೆಳೆಯುತ್ತ ಹೋಗುತ್ತದೆ. ಒಂದಿಷ್ಟು ಹೇಳಿ ನಿಲ್ಲಿಸುತ್ತಾರೆ. ಮುಂದೆಲ್ಲೋ ಮತ್ತೆ ಮೊದಲಿನಿಂದ ಹೇಳಿ ಇನ್ನಷ್ಟು ಸೇರಿಸುತ್ತಾರೆ. ಕೊನೆಯ ‘ಮಾರ್ಟಲ್ ಮ್ಯಾನ್’ನಲ್ಲಿ ಅದು ಪೂರ್ತಿಯಾದಾಗ ತಿಳಿಯುತ್ತದೆ, ಅವರು ಓದುತ್ತಿದ್ದದ್ದು 1996ರಲ್ಲೇ ಕೊಲೆಯಾದ ರ‍್ಯಾಪರ್ ಟೂಪಾಕ್ ಶಕೂರ್ ಎದುರು! ಟೂಪಾಕ್ ಅವರ 1994ರ ಸ್ವೀಡನ್ ರೇಡಿಯೊ ಸಂದರ್ಶನದ ದನಿಯನ್ನು ಕತ್ತರಿಸಿ ಜೋಡಿಸಿ ಇಬ್ಬರ ಮಾತುಕತೆ ಕಟ್ಟಿದ್ದಾರೆ.

ವಿಮರ್ಶಕರು ಬಾಯ್ತುಂಬ ಹೊಗಳಿದರು. ವಿಮರ್ಶೆಗಳ ಅಂಕಗಳನ್ನು ಒಟ್ಟುಹಾಕುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 96. ತೀರ ದಟ್ಟವಾಗಿದೆ, ಒಮ್ಮೆಗೇ ದಕ್ಕುವುದಿಲ್ಲ ಎಂದವರೂ ಇದ್ದರು. ಆ ಮಾತು ನಿಜ, ಆದರೆ ಅದು ದೋಷವಲ್ಲ. ‘ಯು’ ಹಾಡಿನಲ್ಲಿ ತನ್ನನ್ನೇ ಹಳಿದುಕೊಳ್ಳುತ್ತ ಅಳುವವನ ಒಡೆದ ದನಿ ಕೇಳಿ, ಅದು ಕೇಳುಗನಿಗೆ ಹಗುರಾಗುವುದಾದರೂ ಹೇಗೆ? ಆ ಕತ್ತಲನ್ನು ದಾಟಿ ಬಂದವರಿಗೇ ‘ಆಲ್‌ರೈಟ್’ನ ಬಲ ಪೂರ್ತಿ ಸಿಗುವುದು. ಅದೇ ವರ್ಷ ಅಮೆರಿಕದಲ್ಲಿ ಪೊಲೀಸ್ ದೌರ್ಜನ್ಯದ ವಿರುದ್ಧ ಬೀದಿಗಿಳಿದವರು ಅದರ ಪಲ್ಲವಿಯನ್ನೇ ಘೋಷಣೆಯಾಗಿ ಕೂಗಿದರು. ಯಾವ ಅಂಕಕ್ಕಿಂತಲೂ ದೊಡ್ಡ ಮನ್ನಣೆ ಅದು.

2016ರ ಗ್ರ್ಯಾಮಿಯಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಪ್ರಶಸ್ತಿ ಬಂತು. ವರ್ಷದ ಆಲ್ಬಮ್ ಗೌರವ ಮಾತ್ರ ಟೇಲರ್ ಸ್ವಿಫ್ಟ್ ಅವರ ‘1989’ರ ಪಾಲಾಯಿತು. ಆ ತೀರ್ಪು ತಪ್ಪೆಂದು ಆಗಲೂ ಅಂದುಕೊಂಡೆ, ಈಗಲೂ ಅನ್ನುತ್ತೇನೆ.

ಇನ್ನೂ ಕೇಳದವರಲ್ಲಿ ಒಂದು ಬಿನ್ನಹ: ಷಫಲ್ ಹಾಕಬೇಡಿ. ಆ ಕವಿತೆ ಸಾಲುಸಾಲಾಗಿ ಬೆಳೆಯುವುದು ಕ್ರಮವಾಗಿ ಕೇಳಿದರೆ ಮಾತ್ರ.