ಗಣಕಯಂತ್ರದ ನೆನಪು

ಯಕ್ಷಗಾನದ ಚಿತ್ರೀಕರಣಗಳನ್ನು ಸಂಕಲಿಸುವ ಕೆಲಸವನ್ನು ನಮ್ಮ ಮಗಳು ಆನಂದಪುರದ ಮನೆಯಲ್ಲಿಯೇ ಕೈಗೊಂಡಿರುವಳು. ಅದಕ್ಕೆ ತಕ್ಕ ಗಣಕಯಂತ್ರವನ್ನು ಬಿಡಿಭಾಗಗಳಿಂದ ಜೋಡಿಸಬೇಕಾಯಿತು. ಅಡಕೆ ಮಾರಿದ ಹಣ; ಯಾವ ಭಾಗಕ್ಕೆ ಎಷ್ಟೆಂಬುದೇ ಚರ್ಚೆ.

ಸಂಗ್ರಹವೂ ರ‍್ಯಾಮೂ ಒಂದೇ ಎಂದು ಭಾವಿಸುವ ವಾಚಕರುಂಟು. ಸಂಗ್ರಹವು ಉಗ್ರಾಣ, ರ‍್ಯಾಮು ಅಡಕೆ ಸುಲಿಯುವ ಜಗಲಿ. ಜಗಲಿ ಇಕ್ಕಟ್ಟಾದರೆ ಉಗ್ರಾಣಕ್ಕೆ ಮತ್ತೆ ಮತ್ತೆ ಓಡಾಡಬೇಕು. ಯಂತ್ರವು ತೆವಳುವುದು ಆಗಲೇ. ಕರೆಂಟು ಹೋಯಿತೆಂದರೆ ಜಗಲಿಯ ಮೇಲಿದ್ದುದೆಲ್ಲವೂ ಮಾಯ! ನಮ್ಮ ಸೀಮೆಯ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂಗಡಿಯವರು ದುಬಾರಿಯ ಗ್ರಾಫಿಕ್ಸ್ ಕಾರ್ಡನ್ನೇ ಹೊಗಳಿದರು. ಮಗಳ ಮನಸ್ಸೂ ಅತ್ತಲೇ. ಆದರೆ ಬರಿಯ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸದ್ಯಕ್ಕೆ ಸಾಕೆಂದು ನಾವು ಹಟ ಹಿಡಿದೆವು. 4ಕೆ ಚಿತ್ರಕ್ಕೆ 16 ಜಿಬಿ ರ‍್ಯಾಮು ಬಿಗಿಯಾಗುವುದರಿಂದ 32 ಜಿಬಿ ತರಿಸಿದೆವು. ಅದೂ 16ರ ಎರಡು ಪಟ್ಟಿಗಳಾಗಿ, ಏಕೆಂದರೆ ಜೋಡಿಯಿದ್ದರೆ ದತ್ತಾಂಶವು ಎರಡು ದಾರಿಗಳಲ್ಲಿ ಹರಿಯುವುದು. ಡಿಡಿಆರ್4ರ ಪಟ್ಟಿಯು ಡಿಡಿಆರ್5ರ ಗೂಡಿನಲ್ಲಿ ಕೂರದಾದುದರಿಂದ ಮದರ್‌ಬೋರ್ಡನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಅದರಲ್ಲಿ ಎರಡು ಗೂಡು ಬರಿದಾಗಿವೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆಯು ವಿಪರೀತವಾಗಿ ಏರಿತಷ್ಟೆ. ಅದು ಇಳಿದ ಕಾಲಕ್ಕೆ ತುಂಬಿಕೊಳ್ಳಬಹುದು.

ಮಿಕ್ಕ ಹಣಕ್ಕೆ ಯು.ಪಿ.ಎಸ್. ಬಂದಿತು. ಕಾರ್ಡಿನ ಆಸೆಯನ್ನು ಮಗಳು ಇನ್ನೂ ಬಿಟ್ಟಿಲ್ಲ.