ತುಮಕೂರು ರಸ್ತೆಯ ಡಾಲ್ಫಿನ್

ಕೆಂಗೇರಿಯ ನಿಲ್ದಾಣದಲ್ಲಿ ಬೆಳಗಿನ ಮೆಟ್ರೊ ಹತ್ತಿ ಕಿಟಕಿಯ ಬಳಿ ನಿಂತ ಪ್ರಯಾಣಿಕನಿಗೆ ಪಶ್ಚಿಮ ಬೆಂಗಳೂರು ತನ್ನ ಮಾಳಿಗೆಗಳನ್ನೆಲ್ಲ ತೆರೆದು ತೋರಿಸುತ್ತದೆ. ಕೆಳಗೆ ವೃಷಭಾವತಿಯ ಕಪ್ಪು ನೀರು. ನಾಯಂಡಹಳ್ಳಿಯಲ್ಲಿ ಒಂದನ್ನೊಂದು ಬಿಡದೆ ಮುತ್ತಿಕೊಂಡ ವಾಹನಗಳು. ಅತ್ತಿಗುಪ್ಪೆ, ವಿಜಯನಗರಗಳ ತಾರಸಿಯ ಮೇಲೆ ಸೀರೆ, ಸಂಡಿಗೆ, ತುಳಸಿಯ ಕುಂಡ. ಮೆಜೆಸ್ಟಿಕ್‌ನಲ್ಲಿ ನೆಲದಡಿಗಿಳಿದು ಹಸಿರು ಮಾರ್ಗದ ಗಾಡಿಗೆ ಬದಲಿಸಿಕೊಂಡರೆ ಶ್ರೀರಾಂಪುರ, ರಾಜಾಜಿನಗರ, ಮಹಾಲಕ್ಷ್ಮಿ ಎಂದು ಊರು ಮತ್ತೆ ಬೆಳಕಿಗೆ ಬರುತ್ತದೆ. ಮುಂದಿನ ನಿಲ್ದಾಣದ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಸಾಬೂನು ಕಾರಖಾನೆ ಇಲ್ಲಿಗೆ ಬಂದದ್ದು 1957ರಲ್ಲಿ. ಅದರಾಚೆ ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯ.

ಈ ಪ್ರದೇಶ ಕಾರಖಾನೆಗಳ ಸಿಳ್ಳಿನಿಂದ ಗಡಿಯಾರ ಹೊಂದಿಸಿಕೊಂಡ ಪ್ರದೇಶ. ಇಂದು ಬ್ರಿಗೇಡ್ ಗೇಟ್‌ವೇ ಎಂಬ ಗಗನಚುಂಬಿ ಕಟ್ಟಡಗಳ ಸಮೂಹ ನಿಂತಿರುವ ಜಾಗದಲ್ಲಿ ಮೊದಲು ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಮೋಟಾರುಗಳನ್ನು ತಯಾರಿಸುತ್ತಿದ್ದಿತು. ಬಸವೇಶ್ವರನಗರದ ಬೆಮಲ್ ಬಡಾವಣೆ ಕಾರಖಾನೆಯ ಹೆಸರನ್ನೇ ಇಟ್ಟುಕೊಂಡಿದೆ. ಕಾಮಾಕ್ಷಿಪಾಳ್ಯದ ಓಣಿಗಳಲ್ಲಿ ಲೇತ್ ಯಂತ್ರದ ಸದ್ದು ಇನ್ನೂ ಅಡಗಿಲ್ಲ. ಸೋಪು, ದೀಪ, ಮೋಟಾರು, ಕೊಡಲಿ, ಮೊಳೆ, ಎಲ್ಲವೂ ಇಲ್ಲಿ ಆದವು. ಆದರೆ ಈ ರೈಲಿನ ಹಾದಿಯ ಪಕ್ಕದಲ್ಲಿಯೇ, ತುಮಕೂರು ರಸ್ತೆಯ ಇಂಡಸ್ಟ್ರಿಯಲ್ ಸಬರ್ಬಿನಲ್ಲಿ, ಒಮ್ಮೆ ಕಾರುಗಳೂ ಹುಟ್ಟುತ್ತಿದ್ದವೆಂಬುದು ಪ್ರಯಾಣಿಕರಲ್ಲಿ ಎಷ್ಟು ಮಂದಿಗೆ ಗೊತ್ತು? ಆ ಕಾರುಗಳಲ್ಲೊಂದು ಓಟದ ಕಣಕ್ಕಿಳಿದು ದೇಶದ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿತೆಂದರೆ ನಂಬುವವರು ಇನ್ನೂ ಕಡಮೆ.

ಆ ಕಾಲವನ್ನು ಸ್ವಲ್ಪ ನೆನೆಯಬೇಕು. 1970ರ ದಶಕದಲ್ಲಿ ಕಾರು ಕೊಳ್ಳುವುದೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದೆಂದೇ ಅರ್ಥ. ಕಲ್ಕತ್ತೆಯ ಹತ್ತಿರದ ಉತ್ತರಪಾರದಿಂದ ಅಂಬಾಸಡರ್, ಮುಂಬಯಿಯಿಂದ ಫಿಯಟ್, ಮದರಾಸಿನಿಂದ ಸ್ಟ್ಯಾಂಡರ್ಡ್. ಇವು ಮೂರರ ಹೊರಗೆ ನಾಲ್ಕನೆಯ ಹೆಸರು ಹೇಳುವಂತಿರಲಿಲ್ಲ. 1973ರಲ್ಲಿ ತೈಲದ ಬೆಲೆ ಏರಿದಾಗ, ಇದ್ದ ಕಾರನ್ನೇ ಹೊರಗೆ ತೆಗೆಯಲು ಯಜಮಾನರು ಹಿಂದೆಮುಂದೆ ನೋಡುವಂತಾಯಿತು. ಅಂಥ ದಿನಗಳಲ್ಲಿ ಬೆಂಗಳೂರಿನಲ್ಲಿ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಅದೇ ಸಿಪಾನಿ ಆಟೊಮೊಬೈಲ್ಸ್ ಎಂದಾಯಿತು. ಅದರ ಮೊದಲ ಕೂಸಿನ ಹೆಸರು ಬಾದಲ್. ಹಿಂದಿಯಲ್ಲಿ ಮೋಡವೆಂದರ್ಥ. ಮುಂದೆ ಒಂದೇ ಚಕ್ರ, ಹಿಂದೆ ಎರಡು. ಹಿಂಭಾಗದಲ್ಲಿ ಸ್ಕೂಟರಿನ ಎಂಜಿನ್ನಿಗೆ ಅಣ್ಣನೆನ್ನಬಹುದಾದ 198 ಸಿ.ಸಿ.ಯ ಪುಟ್ಟ ಎಂಜಿನ್. ಮೈಯೆಲ್ಲ ಗಾಜಿನ ನಾರು, ಎಂದರೆ ಫೈಬರ್ ಗ್ಲಾಸ್. ಆಟೊ ರಿಕ್ಷಾಕ್ಕೆ ಕಾರಿನ ಅಂಗಿ ತೊಡಿಸಿದಂತೆ ಕಾಣುತ್ತಿದ್ದ ಅದನ್ನು ನೋಡಿ ನಗುವವರಿಗೇನೂ ಕೊರತೆಯಿರಲಿಲ್ಲ. ಆದರೂ ಮಳೆಯಲ್ಲಿ ನೆನೆಯದೆ ಮನೆ ಸೇರಲು ಸಂಸಾರವೊಂದಕ್ಕೆ ಅಷ್ಟು ಸಾಕಾಗಿದ್ದಿತು.

ಫೈಬರ್ ಗ್ಲಾಸನ್ನೇ ಏಕೆ ಆರಿಸಿಕೊಂಡರು? ಇದರ ಉತ್ತರದಲ್ಲಿಯೇ ಕತೆಯ ಅರ್ಧ ಭಾಗವಿದೆ. ಉಕ್ಕಿನ ಮೈಯ ಕಾರು ಮಾಡಬೇಕಾದರೆ ತಗಡನ್ನು ಒತ್ತಿ ಬಾಗಿಸುವ ಭಾರಿ ಯಂತ್ರಗಳು ಬೇಕು. ಬಾಗಿಲಿಗೊಂದು, ಮುಚ್ಚಳಕ್ಕೊಂದು, ಮೇಲ್ಛಾವಣಿಗೊಂದು ಎಂದು ಉಕ್ಕಿನ ಅಚ್ಚುಗಳು ಬೇಕು. ಆ ಹಣ ಹುಟ್ಟಬೇಕಾದರೆ ವರ್ಷಕ್ಕೆ ಹತ್ತಾರು ಸಾವಿರ ಕಾರು ಮಾರಬೇಕು. ಗಾಜಿನ ನಾರಿನ ಕೆಲಸವಾದರೋ ಬೇರೆ ತೆರನಾದುದು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆದ ಮನೆಯವರಿಗೆ ಇದರ ಗುಟ್ಟು ಅರ್ಧ ತಿಳಿದಂತೆಯೇ ಸರಿ. ಅಚ್ಚಿನ ಒಳಮೈಗೆ ಮೇಣ ಸವರಿ, ಬಣ್ಣ ಬೆರೆತ ರಾಳವನ್ನು ತೆಳ್ಳಗೆ ಬಳಿದು, ಅದರ ಮೇಲೆ ಗಾಜಿನ ನಾರಿನ ಹಾಸನ್ನು ಹರಡಿ, ಗಟ್ಟಿಯಾಗುವ ಮದ್ದು ಕಲಸಿದ ರಾಳವನ್ನು ಕುಂಚದಿಂದ ಉಣಿಸಬೇಕು. ಉರುಳೆಯಿಂದ ಗಾಳಿಗುಳ್ಳೆಗಳನ್ನು ಒತ್ತಿ ತೆಗೆಯಬೇಕು. ಮತ್ತೊಂದು ಹಾಸು, ಮತ್ತಷ್ಟು ರಾಳ. ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿ ಅಂಚು ಕತ್ತರಿಸಿದರೆ ಕಾರಿನ ಮೈ ಸಿದ್ಧ. ಇದಕ್ಕೆ ಬೇಕಾದ ಬಂಡವಾಳ ಅಲ್ಪ, ತುಕ್ಕಿನ ಭಯವಿಲ್ಲ, ತೂಕವೂ ಹಗುರ. ಆದರೆ ಒತ್ತುಯಂತ್ರ ಕ್ಷಣಮಾತ್ರದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ಗಂಟೆಗಟ್ಟಲೆ ಕೈಗಳು ದುಡಿಯಬೇಕು. ಕೈಕೆಲಸವೆಂದ ಮೇಲೆ ಒಂದರಂತೆ ಇನ್ನೊಂದು ಬರುವುದೂ ಕಷ್ಟ. ಚಿಕ್ಕ ಸಂಸ್ಥೆಯೊಂದು ಕಾರು ಮಾಡಲು ಅನುವು ಮಾಡಿಕೊಟ್ಟ ಗುಣವೇ ಅದು ದೊಡ್ಡದಾಗಿ ಬೆಳೆಯದಂತೆಯೂ ತಡೆಯಿತೆಂದರೆ ತಪ್ಪಾಗಲಾರದು.

1982ರಲ್ಲಿ ಇದೇ ಸಂಸ್ಥೆಯಿಂದ ಡಾಲ್ಫಿನ್ ಹೊರಬಂದಿತು. ಇದರ ತವರು ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರು. ಅಲ್ಲಿಯ ರಿಲಯಂಟ್ ಸಂಸ್ಥೆ (ಮುಂಬಯಿಯ ರಿಲಯನ್ಸಿಗೂ ಇದಕ್ಕೂ ಸಂಬಂಧವಿಲ್ಲ) ಮೂರು ಚಕ್ರದ ಕಾರುಗಳಿಗೆ ಹೆಸರಾದುದು. ಬ್ರಿಟನ್ನಿನಲ್ಲಿ ಮೋಟಾರ್ ಸೈಕಲ್ಲಿನ ಪರವಾನಗಿ ಇದ್ದವರೂ ಅಂಥ ಕಾರನ್ನು ನಡೆಸಬಹುದಾಗಿದ್ದಿತಾದ್ದರಿಂದ ಅದಕ್ಕೆ ಒಳ್ಳೆಯ ಗಿರಾಕಿ. ಅದೇ ಮೂರು ಚಕ್ರದ ರಾಬಿನ್ ಕಾರಿಗೆ ನಾಲ್ಕನೆಯ ಚಕ್ರ ಕೂಡಿಸಿ 1975ರಲ್ಲಿ ಕಿಟನ್ ಎಂಬುದನ್ನು ಹೊರತಂದರು. ಕಿಟನ್ ಎಂದರೆ ಬೆಕ್ಕಿನ ಮರಿ. ಇಂಗ್ಲೆಂಡಿನಲ್ಲಿ ಅದರ ತಯಾರಿ 1982ರಲ್ಲಿ ನಿಂತಿತು. ಆ ವರ್ಷವೇ ಬೆಕ್ಕಿನ ಮರಿ ಬೆಂಗಳೂರಿಗೆ ಬಂದು ಡಾಲ್ಫಿನ್ ಆಯಿತು. ಮೂರರಿಂದ ನಾಲ್ಕು ಚಕ್ರಕ್ಕೆ ಏರಿದ ದಾರಿಯಲ್ಲಿ ಟ್ಯಾಮ್‌ವರ್ತೂ ತುಮಕೂರು ರಸ್ತೆಯೂ ಹೀಗೆ ಒಂದೇ ಹೆಜ್ಜೆಯಲ್ಲಿ ನಡೆದವು.

ಈ ಕಾರಿನ ಜೀವ ಅದರ ಎಂಜಿನ್ನಿನಲ್ಲಿದ್ದಿತು. 848 ಸಿ.ಸಿ., ನಾಲ್ಕು ಸಿಲಿಂಡರು, ಎಲ್ಲವೂ ಅಲ್ಯೂಮಿನಿಯಂ. ಅದು ಕೊಡುತ್ತಿದ್ದ ಶಕ್ತಿ ಸುಮಾರು 40 ಅಶ್ವಶಕ್ತಿ. 1089 ಸಿ.ಸಿ.ಯ ಪ್ರೀಮಿಯರ್ ಪದ್ಮಿನಿಯ ಶಕ್ತಿಯೂ ಹೆಚ್ಚುಕಡಮೆ ಅಷ್ಟೇ. ಆದರೆ ಪದ್ಮಿನಿಯ ತೂಕ ಒಂಬೈನೂರು ಕೆ.ಜಿ.ಗೆ ಹತ್ತಿರ, ಕಿಟನ್ನಿನ ತೂಕ ಐನೂರಕ್ಕಿಂತ ಸ್ವಲ್ಪವೇ ಹೆಚ್ಚು. ಲೆಕ್ಕ ಹಾಕಿದರೆ ಪದ್ಮಿನಿಯ ಒಂದೊಂದು ಕುದುರೆಯೂ 22 ಕೆ.ಜಿ. ಎಳೆಯಬೇಕು, ಬೆಕ್ಕಿನ ಮರಿಯ ಕುದುರೆಗೆ 13 ಕೆ.ಜಿ. ಹೊರೆ ಮಾತ್ರ. ಅಂಬಾಸಡರಿನ ಮಾತು ಬೇಡ. ಅದು ಮದುವೆಯ ದಿಬ್ಬಣಕ್ಕೆ ಹೇಳಿ ಮಾಡಿಸಿದ ಗಾಡಿ. ಡಾಲ್ಫಿನ್ನಿಗೆ ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಮೈ ಫೈಬರಿನದಾದರೂ ಕೆಳಗೆ ಉಕ್ಕಿನ ಚಾಸಿ. ಸಂಸಾರಸ್ಥರ ಉಳಿತಾಯದ ಕಾರೆಂದು ಮಾಡಿದ ಇದು ತನಗೆ ತಿಳಿಯದೆಯೇ ಓಟದ ಕಾರಾಗಿ ಕುಳಿತಿದ್ದಿತು. ಇಂಗ್ಲೆಂಡಿನ 750 ಫಾರ್ಮುಲಾ ಪಂದ್ಯಗಳಲ್ಲಿ ಹವ್ಯಾಸಿಗಳು ಇದೇ ರಿಲಯಂಟ್ ಎಂಜಿನ್ನನ್ನು ತಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ಪುಟ್ಟ ಗಾಡಿಗಳಿಗೆ ಕೂರಿಸಿ ಓಡಿಸುತ್ತಿದ್ದರೆಂಬುದನ್ನು ನೆನೆದರೆ ಆಶ್ಚರ್ಯವೇನೂ ಇಲ್ಲ.

ಮದರಾಸಿನ ಉತ್ತರಕ್ಕೆ ಶೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯೊಂದಿದೆ. ಯುದ್ಧ ಮುಗಿದು ವಿಮಾನಗಳು ಹೋದ ಮೇಲೆ ಅಲ್ಲಿ ಮೋಟಾರುಗಳು ಬಂದವು. ವರ್ಷಕ್ಕೊಮ್ಮೆ ಅಲ್ಲಿ ನಡೆಯುತ್ತಿದ್ದ ಓಟ ದಕ್ಷಿಣ ಭಾರತದ ಯುವಕರಿಗೆ ಜಾತ್ರೆಯಾಗಿದ್ದಿತು. ಬೆಂಗಳೂರು, ಕೊಯಮತ್ತೂರುಗಳಿಂದ ಗುಂಪುಗುಂಪಾಗಿ ಹೊರಡುತ್ತಿದ್ದರು. ವಿಮಾನ ಪಟ್ಟಿಯೆಂದ ಮೇಲೆ ನೇರವಾದ ದಾರಿ ಉದ್ದ. ಅದರ ಕೊನೆಯಲ್ಲಿ ಕಡಿದಾದ ತಿರುವು. ಭಾರದ ಕಾರು ನೇರ ದಾರಿಯಲ್ಲಿ ಗಳಿಸಿದ್ದನ್ನೆಲ್ಲ ತಿರುವಿನಲ್ಲಿ ಕಳೆದುಕೊಳ್ಳುತ್ತದೆ. ಬಹು ಮುಂಚೆಯೇ ಬ್ರೇಕು ಒತ್ತಬೇಕು, ತಿರುಗಿದ ಮೇಲೆ ಮೈ ಎಳೆದುಕೊಂಡು ಮತ್ತೆ ವೇಗ ಕೂಡಿಸಬೇಕು. ಹಗುರ ಮೈಯ ಡಾಲ್ಫಿನ್ ಇನ್ನೂ ಸ್ವಲ್ಪ ದೂರ ಓಡಿ ಆಮೇಲೆ ಬ್ರೇಕು ಹಾಕಿದರೂ ಸಾಕು. ಬೆಕ್ಕಿನಂತೆ ಹೊರಳಿ ಮುಂದಕ್ಕೆ ಚಿಮ್ಮುತ್ತಿದ್ದಿತು. ಪದ್ಮಿನಿಗಳು ಅಲ್ಲಿಯವರೆಗೆ ಆ ಕಣದ ರಾಣಿಯರು. ಅವುಗಳ ನಡುವೆ ಬೆಂಗಳೂರಿನ ಫೈಬರಿನ ಪೆಟ್ಟಿಗೆ ನುಗ್ಗಿ ಗೆಲ್ಲತೊಡಗಿದಾಗ ನಗುತ್ತಿದ್ದವರ ನಗೆ ನಿಂತಿತು. ರ‍್ಯಾಲಿಗಳಲ್ಲಿಯೂ ಅದು ತನ್ನ ಗುರುತು ಬಿಟ್ಟಿತು. ಇಂದಿಗೂ ನಗರದ ಮೋಟಾರು ಪ್ರಿಯರು, ತಲೆ ನರೆತವರು, ಎಂಬತ್ತರ ದಶಕದ ಮಾತು ಬಂದರೆ ಡಾಲ್ಫಿನ್ನಿನ ಹೆಸರನ್ನು ಎತ್ತದೆ ಏಳುವುದಿಲ್ಲ.

ಕಣದಲ್ಲಿ ಗೆದ್ದುದು ಅಂಗಡಿಯಲ್ಲಿ ಗೆಲ್ಲಲಿಲ್ಲ. 1983ರ ಡಿಸೆಂಬರ್ 14ರಂದು ಮಾರುತಿ 800ರ ಮೊದಲ ಕಾರು ಒಡೆಯನ ಕೈಸೇರಿತು. 796 ಸಿ.ಸಿ.ಯ ಎಂಜಿನ್, ಮುಂದಿನ ಚಕ್ರಗಳಿಗೆ ಎಳೆತ, ಜಪಾನಿನ ಸುಜುಕಿಯ ವಿನ್ಯಾಸ. ಶಕ್ತಿಯಲ್ಲಿ ಡಾಲ್ಫಿನ್ನಿಗೆ ಸರಿಸಮ. ಆದರೆ ಅದರ ಮೈ ಉಕ್ಕಿನದು. ನಮ್ಮಲ್ಲಿ ಕಾರು ಕೊಳ್ಳುವವರು ಹಲಸಿನ ಹಣ್ಣನ್ನು ಬಡಿದು ನೋಡುವಂತೆ ಬಾಗಿಲನ್ನು ಬೆರಳಿನಿಂದ ಬಡಿದು ನೋಡುವವರು. ಉಕ್ಕು ‘ಠಣ್’ ಎಂದರೆ ಫೈಬರು ‘ಡಬ್’ ಎನ್ನುತ್ತದೆ. ಆ ಒಂದು ಸದ್ದಿನಲ್ಲಿಯೇ ಎಷ್ಟೋ ವ್ಯಾಪಾರ ಮುರಿದಿರಬೇಕು. ಅದಕ್ಕಿಂತ ದೊಡ್ಡ ಕಾರಣ ಸಂಖ್ಯೆ. ಸರಕಾರದ ಬೆಂಬಲವಿದ್ದ ಮಾರುತಿ ಯಂತ್ರಗಳಿಂದ ಸಾವಿರಗಟ್ಟಲೆ ಕಾರುಗಳನ್ನು ಹೊರಬಿಡುತ್ತಿರುವಾಗ, ಕುಂಚ ಹಿಡಿದು ಮೈ ಕಟ್ಟುವ ಕಾರಖಾನೆ ಬೆಲೆಯಲ್ಲಾಗಲಿ ವೇಗದಲ್ಲಾಗಲಿ ಅದಕ್ಕೆ ಸಮನಾಗುವುದು ಆಗದ ಮಾತು. ಮುಂದೆ ಓಟದ ಕಣವನ್ನೂ ಮಾರುತಿಗಳೇ ತುಂಬಿದವು.

ಸಿಪಾನಿಯವರು ಸುಮ್ಮನೆ ಕೂರಲಿಲ್ಲ. 1987ರಲ್ಲಿ ಡಾಲ್ಫಿನ್ನಿನ ಅಂಗವನ್ನು ತಿದ್ದಿ, ಹಿಂದೆ ಕೂರುವವರಿಗೂ ಬಾಗಿಲು ಕೊಟ್ಟು, ಮೊಂಟಾನಾ ಎಂದು ಹೆಸರಿಟ್ಟರು. ಡೀಸೆಲ್ ಮೊಂಟಾನಾ ಕೂಡ ಬಂದಿತು. ತೊಂಬತ್ತರ ದಶಕದ ನಡುವಿನಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರನ್ನು ಬಿಡಿ ಭಾಗಗಳಲ್ಲಿ ತರಿಸಿ ಜೋಡಿಸಿದರು. ತಾಯ್ನಾಡಿನಲ್ಲಿಯೇ ಹಳತಾಗಿದ್ದ ಆ ಕಾರು ಇಲ್ಲಿ ನಿಲ್ಲಲಿಲ್ಲ. ದಶಕ ಮುಗಿಯುವ ಮುನ್ನವೇ ಈ ಹೆಸರಿನ ಕಾರುಗಳ ತಯಾರಿ ಕೊನೆಗಂಡಿತು. ಸೂರ್ಯೋದಯದ ಹೆಸರಿನಲ್ಲಿ ಮೊದಲಾದ ಸಂಸ್ಥೆ ಮೋಡವನ್ನು ಹಿಡಿದು, ಸಮುದ್ರಕ್ಕಿಳಿದು, ಅಮೆರಿಕದ ಬೆಟ್ಟದ ಸೀಮೆಯನ್ನೂ ಹತ್ತಿ ನೋಡಿತೆಂದು ಹೆಸರುಗಳ ಸಾಲನ್ನು ಓದಿದವರು ಹೇಳಬಹುದು.

ಉಳಿದ ಕಾರುಗಳು ಏನಾದುವು? ಉಕ್ಕಿನ ಕಾರು ಸತ್ತರೆ ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಫೈಬರಿನ ಮೈಯನ್ನು ತೂಗಿ ಕೊಳ್ಳುವವರಿಲ್ಲ. ಆದ್ದರಿಂದ ಎಂಜಿನ್, ಚಾಸಿ, ಚಕ್ರಗಳು ಹೋದ ಮೇಲೂ ಮೈ ಮಾತ್ರ ತುಕ್ಕು ಹಿಡಿಯದೆ, ಕರಗದೆ, ಹಿತ್ತಲ ಮೂಲೆಯಲ್ಲಿ ಕೋಳಿಗಳಿಗೆ ಮನೆಯಾಗಿ ಉಳಿಯಬಲ್ಲದು. ಎಂಜಿನ್ನಿನ ಗತಿ ಇದಕ್ಕೆ ವಿರುದ್ಧ. ಅಲ್ಯೂಮಿನಿಯಂ ಬ್ಲಾಕಿನೊಳಗೆ ಸಿಲಿಂಡರಿನ ಕೊಳವೆಗಳ ಸುತ್ತ ನೇರವಾಗಿ ನೀರು ಹರಿಯುವ ರಚನೆ ಅದರದು. ರೇಡಿಯೇಟರಿಗೆ ತುಕ್ಕುನಿರೋಧಕ ದ್ರವ ಹಾಕದೆ ಬಾವಿಯ ನೀರನ್ನೇ ಸುರಿಯುತ್ತ ಹೋದರೆ ಒಳಗಿನಿಂದ ಸವೆಯುತ್ತದೆ. ಕಾವೇರಿದರೆ ತಲೆಯ ಗ್ಯಾಸ್ಕೆಟ್ ಹೋಗುತ್ತದೆ. ಬಿಡಿ ಭಾಗ ಸಿಗದ ಕಡೆ ಬೇರೊಂದು ಕಾರಿನ ಎಂಜಿನ್ನನ್ನು ಕೂರಿಸುವುದೇ ಸುಲಭದ ಉಪಾಯ. ಬೇಕಾದ ಬುಷ್ಷನ್ನೋ ಪಿನ್ನನ್ನೋ ಕಡೆದುಕೊಡುವ ಲೇತಿನ ಕೈಗಳು ಕಾಮಾಕ್ಷಿಪಾಳ್ಯದಂಥ ಕಡೆ ಇನ್ನೂ ಇರುವುದು ಹಳೆಯ ಕಾರಿನವರ ಪುಣ್ಯ.

ಆದರೆ ಆ ಸುಲಭದ ಉಪಾಯಕ್ಕೆ ಕಾನೂನು ಒಂದು ಬೆಲೆ ಕಟ್ಟಿದೆ. ಹದಿನೈದು ವರ್ಷ ಮೀರಿದ ಸ್ವಂತ ಕಾರಿನ ನೋಂದಣಿಯನ್ನು ಹೊಸದಾಗಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಏರಿತು. ಇದರಿಂದ ಹೊರಗೆ ನಿಲ್ಲುವ ದಾರಿ 2021ರ ವಿಂಟೇಜ್ ವಾಹನಗಳ ನಿಯಮ: ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲ ರೂಪದಲ್ಲಿಯೇ ಉಳಿದ ಗಾಡಿಗೆ ಬೇರೆ ಫಲಕ, ಹತ್ತು ವರ್ಷದ ಮಾನ್ಯತೆ, ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗಾಗಿ ಮಾತ್ರ ರಸ್ತೆಗಿಳಿಸಬಹುದು. ಚಾಸಿ, ಮೈ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡಾಗಿದ್ದರೆ ಆ ಗೌರವವಿಲ್ಲ. ಎಂದ ಮೇಲೆ ಮಾರುತಿಯ ಎಂಜಿನ್ ಹಾಕಿಸಿಕೊಂಡು ಬದುಕಿದ ಡಾಲ್ಫಿನ್ ಬದುಕಿದ ತಪ್ಪಿಗೇ ಹೊರಗುಳಿಯುತ್ತದೆ. ಬಾದಲ್‌ನ ಪಾಡು ಇನ್ನೂ ವಿಚಿತ್ರ. ಅದರ ಮೊದಲ ತಂಡದ ಗಾಡಿಗಳು ಐವತ್ತನ್ನು ಮುಟ್ಟುವ ಕಾಲ ಬಂದಿದೆ. ಆದರೆ ನಿಯಮ ಹೇಳುವುದು ಎರಡು ಚಕ್ರದ ಮತ್ತು ನಾಲ್ಕು ಚಕ್ರದ ವಾಹನಗಳ ಮಾತನ್ನು. ಮೂರು ಚಕ್ರದ ಕಾರೊಂದು ಈ ಊರಿನಲ್ಲಿ ಹುಟ್ಟಿದ್ದಿತೆಂಬುದು ಬರೆದವರಿಗೆ ನೆನಪಾಗಿರಲಾರದು.

ಡಾಲ್ಫಿನ್ನುಗಳಲ್ಲಿ ಎಲ್ಲಕ್ಕಿಂತ ಹಿರಿದಾದುದಕ್ಕೂ ಐವತ್ತು ತುಂಬುವುದು 2032ರಲ್ಲಿ. ಅಲ್ಲಿಯವರೆಗೆ ತನ್ನದೇ ಎಂಜಿನ್ನನ್ನು ಉಳಿಸಿಕೊಂಡಿರುವ ಗಾಡಿಯೊಂದು ರಾಜಾಜಿನಗರದ ಯಾವುದಾದರೂ ಮನೆಯ ಮುಂದೆ, ಹೊದಿಕೆಯ ಕೆಳಗೆ, ಭಾನುವಾರಕ್ಕೊಮ್ಮೆ ಎಬ್ಬಿಸುವವರಿಗಾಗಿ ಕಾದಿದ್ದರೆ ಅದರ ಒಡೆಯರು ರೇಡಿಯೇಟರಿನ ನೀರನ್ನು ಆಗಾಗ ನೋಡಿಕೊಳ್ಳುವುದು ಒಳ್ಳೆಯದು.