ಮರಗೆಸುವಿನ ನಾಡಿನಲ್ಲಿ ಆಂಥೂರಿಯಂ

ಕುಶಾಲನಗರ ದಾಟಿ ಸುಂಟಿಕೊಪ್ಪದ ಏರು ಹಿಡಿದರೆ ಮಳೆಯ ದನಿಯೇ ಬದಲಾಗುತ್ತದೆ. ಕಕ್ಕಡ ತಿಂಗಳು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿಯಲ್ಲಿ ತೊಯ್ದು ತೊಪ್ಪೆಯಾದ ಕಾಫಿ ಗಿಡಗಳು. ಹಳೆಯ ಮರಗಳ ಪಾಚಿಗಟ್ಟಿದ ಕವಲುಗಳಲ್ಲಿ, ಮಣ್ಣಿನ ಹಂಗಿಲ್ಲದೆ, ಮರಗೆಸುವಿನ ಎಲೆಗಳು ಗಾಳಿಗೆ ತೊನೆಯುತ್ತಿದ್ದವು. ನಾನು ಹೊರಟಿದ್ದು ಆಂಥೂರಿಯಂ ನೋಡಲು. ಈ ಮರಗೆಸು ಅದಕ್ಕೆ ದೂರದ ನೆಂಟ ಎಂಬುದು ತಲೆಯಲ್ಲಿತ್ತು, ಕಣ್ಣಿಗೆ ಬಿದ್ದದ್ದು ಆಗಲೇ.

ಮಡಿಕೇರಿಗೆ ಸ್ವಲ್ಪ ಈಚೆಗೆ ಆ ತೋಟ. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಆಂಥೂರಿಯಂ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿ ಬೆಳೆದ ಕೃಷಿ. ಇಲ್ಲಿಯೂ ಅಷ್ಟೆ. ಮನೆಯ ಹಿಂದಿನ ಕಪ್ಪು ನೆರಳುಬಲೆಯ ಚಪ್ಪರದೊಳಗೆ ತೋಟದೊಡತಿ ನನ್ನನ್ನು ಕರೆದೊಯ್ದರು. ಬಿಸಿಲಿನ ಕಾಲು ಭಾಗವಷ್ಟೇ ಒಳಗಿಳಿಯುವ ಆ ಮಬ್ಬಿನಲ್ಲಿ ಸಾಲುಸಾಲಾಗಿ ಕೆಂಪು, ಬಿಳಿ, ಎಳೆ ಹಸಿರು. ನಾನು ಮಾತಾಡುವುದನ್ನೇ ಮರೆತೆ.

ಬಗ್ಗಿ ನೋಡಿದರೆ ಬುಡದಲ್ಲಿ ಮಣ್ಣೇ ಇಲ್ಲ! ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು, ಅಷ್ಟೆ. ತವರಿನಲ್ಲಿ, ಕೊಲಂಬಿಯಾ ಮತ್ತು ಈಕ್ವೆಡಾರ್‌ಗಳ ತೇವದ ಕಾಡುಗಳಲ್ಲಿ, ಇದರ ಬಳಗ ಮರಗೆಸುವಿನಂತೆಯೇ ಮರದ ಮೈಮೇಲೆ ಬಾಳುವಂಥದು. ದಪ್ಪನೆಯ ಬೇರಿಗೆ ಸ್ಪಂಜಿನಂಥ ಹೊರಪದರ. ಮಳೆಯನ್ನೂ ಮಂಜನ್ನೂ ಹೀರಿಕೊಳ್ಳುತ್ತದೆ, ಆದರೆ ಗಾಳಿಯಾಡದ ಕೆಸರಿನಲ್ಲಿ ಕೊಳೆತುಹೋಗುತ್ತದೆ. ಫ್ರೆಂಚ್ ಸಸ್ಯಶೋಧಕ ಎದುವಾರ್ ಆಂದ್ರೆ 1876ರಲ್ಲಿ ಕೊಲಂಬಿಯಾದಲ್ಲಿ ಇದನ್ನು ಕಂಡು ಯುರೋಪಿಗೆ ತಲುಪಿಸಿದ. 1889ರಲ್ಲಿ ಲಂಡನ್ನಿನಿಂದ ಹವಾಯಿಗೆ ಹೋಯಿತು. ಈ ಮನೆಯಲ್ಲಿರುವವು ಹಾಲೆಂಡಿನ ತಳಿಗಳು: ಕೆಂಪು ‘ಟ್ರಾಪಿಕಲ್’, ಬಿಳಿಯ ‘ಅಕ್ರೊಪೊಲಿಸ್’, ಹಸಿರು ‘ಮಿಡೋರಿ’. ಇಷ್ಟು ಸುತ್ತಿ ಬಂದ ಗಿಡ ಕೊಡಗಿನ ಮಂಜನ್ನು ಗುರುತು ಹಿಡಿದಂತೆ ಚಿಗುರಿದೆ.

ನಾವು ಹೂವೆಂದು ಕೊಂಡುಕೊಳ್ಳುವ ಆ ಕೆಂಪು ಹೃದಯ ನಿಜಕ್ಕೆ ಒಂದು ಎಲೆ. ಹೂಗಳಿರುವುದು ನಡುವಿನ ಕಡ್ಡಿಯ ಮೇಲೆ, ನೂರಾರು, ಒಂದಕ್ಕೊಂದು ಒತ್ತಿಕೊಂಡು. ತೋಟದೊಡತಿ ಭೂತಗನ್ನಡಿ ಕೊಟ್ಟರು. ಒಂದು ಕಡ್ಡಿಯ ಮೇಲೆ ಸಣ್ಣ ಸಣ್ಣ ಹನಿಗಳು ಹೊಳೆಯುತ್ತಿದ್ದವು. “ಇದೀಗ ಹೆಣ್ಣು” ಎಂದರು. ಪ್ರತಿ ಹೂವಿನಲ್ಲೂ ಗಂಡು ಹೆಣ್ಣು ಎರಡೂ ಇದ್ದರೂ ಮೊದಲು ಹೆಣ್ಣಿನ ಕಾಲ. ಅದು ಮುಗಿದು ಹನಿಗಳು ಆರಿದ ಮೇಲೆಯೇ ಪರಾಗದ ಪುಡಿ ಹೊರಬರುತ್ತದೆ. ತನ್ನ ಪರಾಗ ತನಗೇ ತಾಗದಿರಲೆಂದು ಗಿಡ ಕಾಲವನ್ನೇ ಎರಡಾಗಿ ಸೀಳಿದೆ! ಅವರು ಪಕ್ಕದ ಸಾಲಿನ ಬಿಳಿ ತಳಿಯಿಂದ ಕುಂಚದಲ್ಲಿ ಪುಡಿ ತಂದು ಆ ಹನಿಗಳ ಮೇಲೆ ಮೆಲ್ಲಗೆ ಸವರಿದರು.

ಹೀಗೆ ಕೂಡಿದ ಕಡ್ಡಿ ಉಬ್ಬುತ್ತಾ ಹೋಗಿ, ಆರೇಳು ತಿಂಗಳಿಗೆ ಜೋಳದ ತೆನೆಯಂತೆ ಕಾಯಿ ತುಂಬಿಕೊಳ್ಳುತ್ತದೆ. ಹಣ್ಣನ್ನು ಹಿಸುಕಿದರೆ ಲೋಳೆಯೊಳಗೆ ಒಂದೋ ಎರಡೋ ಬೀಜ. ಕೂಡಿಟ್ಟರೆ ಸತ್ತುಹೋಗುತ್ತದೆ, ತೊಳೆದು ತಕ್ಷಣ ತೇವದ ಹಾಸಿನ ಮೇಲೆ ಉದುರಿಸಬೇಕು, ಮುಚ್ಚಬಾರದು. ಹೂ ಬಿಡಲು ಮತ್ತೆ ಎರಡು ಮೂರು ವರ್ಷ. ಬಂದದ್ದು ತಾಯಿಯಂತೆಯೂ ಇರುವುದಿಲ್ಲ, ತಂದೆಯಂತೆಯೂ ಇರುವುದಿಲ್ಲ. ಅದಕ್ಕೇ ಮಾರಾಟಕ್ಕೆ ಬೆಳೆಯುವವರು ಬೀಜವನ್ನು ನೆಚ್ಚುವುದಿಲ್ಲ. ಎಲೆಯ ಚೂರಿನಿಂದ ಬಾಟಲಿಯೊಳಗೆ ಗಿಡ ಎಬ್ಬಿಸುವ ವಿಧಾನ 1970ರ ದಶಕದಲ್ಲಿ ಹಾಲೆಂಡಿನಲ್ಲಿ ರೂಢಿಸಿತು. ಇಂದು ದೊಡ್ಡ ತೋಟಗಳಿಗೆ ಸಸಿ ಬರುವುದು ಹಾಗೆಯೇ.

ಮನೆಯ ಮಟ್ಟಕ್ಕೆ ಚಾಕು ಸಾಕು. ವಯಸ್ಸಾದಂತೆ ಕೆಳಗಿನ ಎಲೆಗಳು ಉದುರಿ ಕಾಂಡ ಬೋಳಾಗಿ ಮೇಲೇರುತ್ತದೆ, ಗಿಣ್ಣಿನಿಂದ ಗಾಳಿಬೇರುಗಳು ಇಳಿಯುತ್ತವೆ. ಅವರು ಎರಡು ಮೂರು ಬೇರುಗಳನ್ನು ತಲೆಗೆ ಉಳಿಸಿ, ಕೆಳಗೆ ಸಪಕ್ಕನೆ ಕತ್ತರಿಸಿದರು. ನನ್ನ ಎದೆ ಧಸಕ್ಕೆಂದಿತು. ತಲೆ ಹೊಸ ಕುಂಡಕ್ಕೆ ಹೋಯಿತು. ಮೊಂಡು ಕಾಂಡವನ್ನು ಹಾಗೇ ಬಿಟ್ಟರು. ಅದರ ಗಿಣ್ಣುಗಳಲ್ಲಿ ಮಲಗಿರುವ ಮೊಗ್ಗುಗಳು ಈಗ ಏಳುತ್ತವೆ, ಬೇರು ಬಿಟ್ಟ ಮರಿಗಳನ್ನು ಬಿಡಿಸಿ ನೆಡಬಹುದು. ಪಕ್ಕದ ಕುಂಡದಲ್ಲಿ ಅಂಥ ಮೊಂಡಿನಿಂದ ಹೊರಟ ಕೆಂಪು ಚಿಗುರುಗಳನ್ನು ತೋರಿಸಿದಾಗಲೇ ನನಗೆ ಸಮಾಧಾನ. ಮುಂದಿನ ಗಿಡಕ್ಕೆ ಹೋಗುವ ಮುನ್ನ ಪ್ರತಿ ಸಲ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. 1980ರ ದಶಕದಲ್ಲಿ ಹವಾಯಿಯ ತೋಟಗಳನ್ನು ಹಾಳುಗೆಡವಿದ ಬ್ಯಾಕ್ಟೀರಿಯಾ ರೋಗ ಚಾಕುವಿನ ಅಲಗಿನ ಮೇಲೂ ಪಯಣಿಸುತ್ತದೆ.

ಮಧ್ಯಾಹ್ನ ಊಟಕ್ಕೆ ಮರಗೆಸುವಿನ ಪತ್ರೊಡೆ. ಕೆಸುವಿನ ತುರಿಕೆಗೆ ಕಾರಣವಾದ ಸೂಜಿಯಂಥ ಹರಳುಗಳು ಆಂಥೂರಿಯಂನಲ್ಲೂ ಇವೆ. ಆದರೆ ಅದನ್ನು ಯಾರೂ ಅಡುಗೆಮನೆಗೆ ತರುವುದಿಲ್ಲ. ಉಂಡು ಮತ್ತೆ ಚಪ್ಪರಕ್ಕೆ ಹೋದೆವು. ಮೂಲೆಯ ತಟ್ಟೆಯೊಂದರಲ್ಲಿ ಬೀಜದಿಂದ ಎದ್ದ ಉಗುರಿನಷ್ಟು ಸಸಿಗಳು. ಮಾರುವುದಕ್ಕಲ್ಲ, ಏನು ಹುಟ್ಟುತ್ತದೋ ನೋಡುವ ಆಸೆಗೆ ಸಾಕಿದ್ದು. ಯಾವ ಬಣ್ಣ ಬರಬಹುದು ಎಂದು ಕೇಳಿದೆ.

“ತಾಯಿ ಕೆಂಪು, ತಂದೆ ಹಸಿರು. ಇನ್ನೆರಡು ವರ್ಷ ಬಿಟ್ಟು ನೀವೇ ಬಂದು ನೋಡಿ” ಎಂದರು.